ಎರಡನೆಯ ಪ್ಲೇಟಿನ ಕೊನೆಯ ಸಾಲು

ಹಾಡುಗಾರನ ಗೆಳೆತನ ಮಾಡಿದವನು ನಗುವಿಗಾಗಿ ಬೇರೆಲ್ಲಿಯೂ ಅಲೆಯಬೇಕಾಗಿಲ್ಲ. ಅದು ಅವನಿರುವ ಕಡೆಗೇ ಬಸ್ಸು ಹತ್ತಿ ಬರುತ್ತದೆ. ಎಂ.ಎ. ಮುಗಿಸಿ ಶಿಕಾರಿಪುರದಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನನಗೆ, ಹೊಸಗನ್ನಡದ ಗೀತೆಗಳು ಮನೆಮನೆಯಲ್ಲಿ ಮೊಳಗಬೇಕೆಂಬ ಹಂಬಲ. ಸೊರಬದ ಕಡೆಯ ಜಡೆ ಎಂಬ ಊರಿನ ನನ್ನ ಗೆಳೆಯನಿಗೆ ಒಳ್ಳೆಯ ಕಂಠ. ನಾನು ಬರೆದೆ, ಅವನು ಹಾಡಿದ. ಮದರಾಸಿನಲ್ಲಿ ಒಂದು ಗ್ರಾಮಫೋನ್ ಪ್ಲೇಟು ಆಯಿತು.

೧. ಸಾಕ್ಷಿ

ಆ ಮೊದಲ ಪ್ಲೇಟನ್ನು ಗೆಳೆಯನ ತಂದೆಯವರು ಪೂರ್ತಿ ಕೇಳಿದರು. ಹಾಡು ಮುಗಿದರೂ ಅಲುಗಾಡಲಿಲ್ಲ, ಇನ್ನೇನನ್ನೋ ಕಾಯುತ್ತಿದ್ದರು. ಅವರ ಬಳಿಯಿದ್ದ ಹಳೆಯ ಪ್ಲೇಟುಗಳಲ್ಲಿ ಹಾಡುಗಾರರು ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಮಗ ಹೇಳಿರಲಿಲ್ಲ. ಹಾಗಾದರೆ ಹಾಡಿದವನು ಇವನೇ ಎಂಬುದಕ್ಕೆ ಸಾಕ್ಷಿ ಏನೆಂದು ಕೇಳಿದರು. ದನಿ ಗುರುತಾಗಲಿಲ್ಲವೇ ಎಂದದ್ದಕ್ಕೆ, ಪೆಟ್ಟಿಗೆಯೊಳಗೆ ಹೋದರೆ ಎಲ್ಲರದೂ ಶೀತವಾದ ದನಿಯೇ ಎಂದರು. ನಾನು ಪ್ಲೇಟಿನ ನಡುವೆ ಅಚ್ಚಾಗಿದ್ದ ಹೆಸರನ್ನು ತೋರಿಸಿದೆ.

“ಅಚ್ಚು ಹಾಕ್ಸೋದು ಏನು ಮಹಾ, ಮೇಷ್ಟ್ರೇ? ಲಗ್ನಪತ್ರಿಕೆಯಲ್ಲಿ ನನ್ನ ಹೆಸರೂ ಎಷ್ಟೋ ಸಲ ಅಚ್ಚಾಗಿದೆ. ಆ ಒಂದು ಲಗ್ನಕ್ಕೂ ನಾನು ಹೋಗೇ ಇಲ್ಲ.”

೨. ಮೂರನೆಯ ಚರಣ

ಎರಡನೆಯ ಪ್ಲೇಟಿನಿಂದಲೂ ನಂಬಿಕೆ ಬಾರದಿದ್ದರೆ, ಮಗ ಹಾಡು ಬಿಟ್ಟು ಶಿಕಾರಿಪುರದಲ್ಲಿ ತಾವು ಗೊತ್ತುಮಾಡಿದ ಗುಮಾಸ್ತೆ ಕೆಲಸಕ್ಕೆ ಸೇರಬೇಕೆಂದು ತಂದೆಯವರು ತೀರ್ಪಿತ್ತರು.

ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ನನ್ನ ಹೊಸ ಗೀತೆ ನಾಲ್ಕನ್ನು ದಾಟಿತು. ಒಂದು ಚರಣ ಬಿಡೋಣವೆಂದು ಗೆಳೆಯ. ಕಾವ್ಯದ ಅಂಗಚ್ಛೇದ ಸಲ್ಲದೆಂದು ನಾನು. ನಾನಿದ್ದ ಮನೆಯ ಒಡತಿ ಅಕ್ಕಿ ಆರಿಸುತ್ತ ವಾರವಿಡೀ ನಮ್ಮ ಅಭ್ಯಾಸ ಕೇಳಿದ್ದರು. ಅವರನ್ನೇ ಕೇಳಿದೆವು.

“ಮೂರನೇದು ತೆಗೀರಿ. ಅರ್ಥ ಆಗೋದು ಅದೊಂದೇ. ಅದು ಹೋದ್ರೆ ಎಲ್ಲಾ ಒಂದೇ ಹದಕ್ಕೆ ಬರ್ತದೆ.”

೩. ಆಸನ

ಗೆಳೆಯ ಮದರಾಸಿಗೆ ಹೋಗಿ ಹಾಡಿ ಬಂದ. ಕೆಲವು ವಾರಗಳ ಮೇಲೆ ಪ್ಲೇಟು ನನ್ನ ವಿಳಾಸಕ್ಕೆ ಬಂತು. ಕೈತಪ್ಪಿದರೆ ಚೂರಾಗುವ ವಸ್ತು. ಕಂಬಳಿಯಲ್ಲಿ ಸುತ್ತಿ, ಸೊರಬದ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಮಲಗಿಸಿದೆವು. ಬಸ್ಸು ತುಂಬುತ್ತಲೇ ಕಂಡಕ್ಟರು ಬಂದು, ಕೂಸನ್ನು ಎತ್ತಿಕೊಳ್ಳಿ ಎಂದ. ಕೂಸಲ್ಲ, ಇವನ ಹಾಡು. ತೊಡೆಯ ಮೇಲಿಟ್ಟರೆ ಕುಲುಕಿ ಒಡೆಯುತ್ತದೆ ಎಂದು ವಿವರಿಸಿದೆ. ಅವನು ನ್ಯಾಯವಂತ.

“ಹಂಗಾದ್ರೆ ಹಾಡು ಕೂತಿರ್ಲಿ. ಹಾಡಿದೋರು, ಬರೆದೋರು ಇಬ್ರೂ ಏಳ್ರಿ.”

ಸೊರಬದವರೆಗೆ ಸಂಗೀತವೂ ಸಾಹಿತ್ಯವೂ ನಿಂತೇ ಬಂದವು.

೪. ಬಿನ್, ಸಾಕಿನ್

ಜಡೆಯಲ್ಲಿ ತಂದೆಯವರು ತಾವೇ ಗ್ರಾಮಫೋನಿಗೆ ಕೀ ಕೊಟ್ಟರು. ಎರಡು ಚರಣ ಮುಗಿದವು. ಅವರ ಮುಖ ಸಡಿಲಲಿಲ್ಲ. ಗೆಳೆಯ ಕಂಬ ಹಿಡಿದು ನಿಂತಿದ್ದ. ವಾದ್ಯಗಳು ನಿಂತವು. ಆಗ ಪೆಟ್ಟಿಗೆಯೊಳಗಿಂದ ಅವನ ದನಿ, ತಹಸೀಲ್ದಾರರೆದುರು ಹೇಳಿಕೆ ಕೊಡುವವನಂತೆ, ತನ್ನ ಹೆಸರು ಹೇಳಿತು. ಬಿನ್ ಎಂದು ತಂದೆಯ ಹೆಸರು ಹೇಳಿತು. “ಸಾಕಿನ್ ಜಡೆ, ತಾಲ್ಲೂಕು ಸೊರಬ” ಎಂದು ಮುಗಿಸಿತು. ಕನ್ನಡ ಬಾರದ ರೆಕಾರ್ಡಿಂಗಿನವರು ಅದನ್ನೂ ನನ್ನ ಗೀತೆಯ ಸಾಲೆಂದೇ ತಿಳಿದು, ಬಲು ಗಂಭೀರವಾಗಿದೆಯೆಂದು ಮೆಚ್ಚಿದರಂತೆ.

ತಂದೆಯವರು ಎದ್ದು, ಮೇಲುವಸ್ತ್ರ ಸರಿಪಡಿಸಿಕೊಂಡು, ನೆರೆಹೊರೆಯವರನ್ನು ಕರೆದು, ಆ ಕೊನೆಯ ಭಾಗಕ್ಕಷ್ಟೇ ಮುಳ್ಳಿಟ್ಟು ನಾಲ್ಕು ಬಾರಿ ಕೇಳಿಸಿದರು. ನನ್ನ ಗೀತೆಯನ್ನು ಯಾರೂ ವಿಚಾರಿಸಲಿಲ್ಲ; ಗೆಳೆಯನ ಅರಳಿದ ಮುಖ ಕಂಡು ನನಗೆ ಬೇಸರವೂ ಆಗಲಿಲ್ಲ. ಕಡೆಗೆ ಅವರು ಮಗನತ್ತ ತಿರುಗಿದರು.

“ಗುಮಾಸ್ತೆ ಕೆಲಸ ಬೇಡ ಅಂತ ಹೇಳಿಕಳಿಸ್ತೀನಿ. ಆದ್ರೆ ಮುಂದಿನ ಪ್ಲೇಟಿನಲ್ಲಿ ಹಾಡು ಸ್ವಲ್ಪ ಮೊಟಕು ಮಾಡೋ. ನಮ್ಮ ಜಮೀನಿನ ನಾಲ್ಕು ದಿಕ್ಕಿನ ಚಕ್ಕುಬಂದಿ ಬಿಟ್ಟುಹೋಗಿದೆ.”