ಮೂಗು ಕೆರೆದುಕೊಂಡ ಹೆಣ

ಡೈರೆಕ್ಟರ್: ಹೆಣ ಮೂಗು ಕೆರ್ಕೊಳಲ್ಲ ಕಣೋ! ಇಪ್ಪತ್ತೆಂಟು ವರ್ಷದಿಂದ ಬಡ್ಕೋತಿದೀನಿ!

ಟೈಲರ್: ನಾನು ಮಾಡಿದ ಹೆಣ ಕೆರ್ಕೊಳ್ಳುತ್ತೆ.

ಡೈರೆಕ್ಟರ್: ಅದೇನು ನೀನು ಮಾಡಿದ ಹೆಣ? ಮಲಗೋದು ಬಿಟ್ಟು ಮಾಡಿದ್ದೇನು ನೀನು?

ಟೈಲರ್: ಹನ್ನೊಂದು ಭಾನುವಾರ ಮಲಗಿದೀನಿ. ನೀನು ಒಂದೇ ಒಂದು ಭಾನುವಾರ ಬಾಯಿ ಮುಚ್ಕೊಂಡು ಮಲಗಿ ತೋರಿಸು ನೋಡೋಣ.

ತುಟಿಯ ಸಂದಿಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡೇ ಟೈಲರ್ ಇಷ್ಟನ್ನೂ ಹೇಳಿದರು. ಕೆಲಸದ ಹೊತ್ತಿನಲ್ಲಿ ಬಾಯಲ್ಲಿ ಸೂಜಿ ಇರುವುದರಿಂದ ಈ ಮನುಷ್ಯ ಮಾತಾಡುವುದೇ ಕಡಿಮೆ ಎಂದು ನಂಬಿ ಆ ಕಾಲದಲ್ಲಿ ಅವರನ್ನು ಹೆಣದ ಪಾತ್ರಕ್ಕೆ ಆರಿಸಿದ್ದು. ಆರಿಸಿದ ಮಹಾನುಭಾವರು ಈಗ ಮೇಜಿನ ಆಚೆ ನಿಂತು ಯಾರದೋ ಅರ್ಧ ಹೊಲಿದ ಪ್ಯಾಂಟಿನ ಮೇಲೆ ಮುಷ್ಟಿ ಗುದ್ದುತ್ತಿದ್ದರು. ಊರೆಲ್ಲ ಅವರನ್ನು ಡೈರೆಕ್ಟರ್ ಎನ್ನುತ್ತದೆ. ಹೊಟ್ಟೆಪಾಡಿಗೆ ಅವರು ಕಲಿಸುವುದು ಕಾರು ಓಡಿಸುವುದನ್ನು; ಜೀವಮಾನದಲ್ಲಿ ತೆಗೆದದ್ದು ಒಂದೇ ಸಿನಿಮಾ, ‘ತಾತ ಕೆಳಗಿಳಿಯಲಿಲ್ಲ’.

ಕತೆ ಇಷ್ಟೆ. ನಾಲ್ಕನೇ ಮಹಡಿಯಲ್ಲಿ ತಾತ ಸಾಯುತ್ತಾನೆ. ಮೆಟ್ಟಿಲು ಕಿರಿದು. ಮೂವರು ಗಂಡುಮಕ್ಕಳು ಮನೆಯ ಬಾಗಿಲನ್ನೇ ಕಳಚಿ, ಅದರ ಮೇಲೆ ಅಪ್ಪನನ್ನು ಮಲಗಿಸಿ, ಕೆಳಗಿಳಿಸಲು ಹೊರಡುತ್ತಾರೆ. ತಿರುವಿನಲ್ಲೆಲ್ಲ ಸಿಕ್ಕಿಬೀಳುತ್ತಾರೆ, ಅಕ್ಕಪಕ್ಕದವರೆಲ್ಲ ಬಂದು ಬುದ್ಧಿ ಹೇಳುತ್ತಾರೆ, ಕೊನೆಗೆ ತಾತ ನೆಲ ಮುಟ್ಟುವ ಬದಲು ತಾರಸಿ ತಲುಪುತ್ತಾನೆ. ಟೈಲರ್ ಅಂಗಡಿಗೆ ರಜೆ ಭಾನುವಾರ ಮಾತ್ರ ಇದ್ದುದರಿಂದ ತಾತ ಹನ್ನೊಂದು ಭಾನುವಾರ ಸತ್ತಿದ್ದ. ಹದಿನೇಳನೇ ನಿಮಿಷದಲ್ಲಿ, ಹಿರಿಯ ಮಗ ಹೆಣದ ಮುಂದೆ ನಿಂತು ದೊಡ್ಡ ಭಾಷಣ ಮಾಡುತ್ತಿರುವಾಗ, ಹೆಣ ಬಲಗೈ ಎತ್ತಿ, ನಿಧಾನವಾಗಿ ಮೂಗು ಕೆರೆದುಕೊಂಡು, ಕೈಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟಿತು. ಮತ್ತೆ ತೆಗೆಯಲು ರೀಲು ಉಳಿದಿರಲಿಲ್ಲ.

ಬಿಡುಗಡೆಯಾದಾಗ ಸಿನಿಮಾ ನಾಲ್ಕೇ ದಿನ ಓಡಿ ಮಲಗಿತು. ಆಮೇಲೆ ಅದ್ಯಾವ ಹಾಸ್ಟೆಲಿನ ಹುಡುಗರ ಕೈಗೆ ಸಿಕ್ಕಿತೋ, ಈಗ ವರ್ಷಕ್ಕೊಮ್ಮೆ ಥಿಯೇಟರ್ ತುಂಬುತ್ತದೆ. ಹದಿನೇಳನೇ ನಿಮಿಷಕ್ಕೆ ಮುನ್ನೂರು ಜನ ಒಟ್ಟಿಗೆ ಬಲಗೈ ಎತ್ತುತ್ತಾರೆ. ಗುರುತು ಪರಿಚಯ ಇಲ್ಲದವರು ಅಂಗಡಿ ಹುಡುಕಿಕೊಂಡು ಬರುತ್ತಾರೆ. ಬರಲು ನೆಪ ಬೇಕೆಂದು ಬೀದಿಯಲ್ಲೇ ಅಂಗಿಯ ಗುಂಡಿ ಕಿತ್ತುಕೊಂಡು ಬರುತ್ತಾರೆ. ಗುಂಡಿ ಹೊಲಿಸಿಕೊಂಡು, ಹೋಗುವ ಮುಂಚೆ, “ಮಾಸ್ಟ್ರೇ, ಒಂದ್ಸಲ ಕೆರ್ಕೊಳಿ” ಎನ್ನುತ್ತಾರೆ. ಟೈಲರ್ ಕೆರೆದುಕೊಳ್ಳುತ್ತಾರೆ. ಎಷ್ಟೋ ಸಾವಿರ ಪ್ಯಾಂಟು ಹೊಲಿದ ಕೈ ಅದು. ಈ ಹೊಲಿಗೆ ಯಾರದು ಎಂದು ಕೇಳಿದವರು ಒಬ್ಬರೂ ಇಲ್ಲ. ಜನ ಅವರನ್ನು ಗುರುತಿಸುವುದು ಈ ಮೂಗಿನಿಂದ ಮಾತ್ರ.

ಈಗ ಆ ಸಿನಿಮಾವನ್ನು ತೊಳೆದು ಬಳಿದು ಹೊಸದು ಮಾಡುತ್ತಿದ್ದಾರೆ. ಹಳೇ ಫಿಲ್ಮ್ ರಿಪೇರಿ ಮಾಡುವ ಮೇಡಂ ಹನ್ನೊಂದು ಗಂಟೆಗೆ ರುಜು ಹಾಕಿಸಿಕೊಳ್ಳಲು ಬರುವವರಿದ್ದರು. ಡೈರೆಕ್ಟರ್ ಅಳಿಸಬೇಕಾದ ನಲವತ್ತೊಂದು ತಪ್ಪುಗಳ ಪಟ್ಟಿ ಬರೆದು ತಂದಿದ್ದರು. ಒಂದನೇ ತಪ್ಪು, ಮೂಗು.

ಡೈರೆಕ್ಟರ್: ನಾನು ಅರವತ್ತೆರಡು ಜೋಕು ಬರ್ದಿದ್ದೆ ಕಣೋ ಅದಕ್ಕೆ. ಎಣಿಸಿ ಬರ್ದಿದ್ದೆ. ಒಂದಕ್ಕಾದ್ರೂ ಯಾರಾದ್ರೂ ನಕ್ರಾ?

ಟೈಲರ್: ಭಾಷಣಕ್ಕೆ ಅತ್ತರಲ್ಲ.

ಡೈರೆಕ್ಟರ್: ಅದು ನಗೋಕೆ ಬರ್ದಿದ್ದು! ಸಿನಿಮಾದಲ್ಲೇ ದೊಡ್ಡ ಜೋಕು ಅದು! ಅದಕ್ಕೆ ಅಳ್ತಾರೆ, ನಿನ್ನ ಮೂಗಿಗೆ ನಗ್ತಾರೆ. ಇನ್ನು ನಾನು ಯಾಕಿದೀನಿ?

ಟೈಲರ್: ಅದನ್ನ ನನ್ನ ಕೇಳ್ತೀಯಲ್ಲ. ನಾನು ಸತ್ತೋನು.

ಡೈರೆಕ್ಟರ್: ಎರಡನೇ ತಪ್ಪು ಕೇಳು. ತಾತನ ಕಾಲುಚೀಲ. ಮೂರನೇ ಮಹಡೀಲಿ ಕಂದು, ಎರಡನೇ ಮಹಡೀಲಿ ನೀಲಿ. ಸತ್ತೋನು ದಾರಿ ಮಧ್ಯೆ ಕಾಲುಚೀಲ ಬದಲಾಯಿಸ್ತಾನೇನೋ?

ಟೈಲರ್: ಅದರ ಮುಂದಿನ ಭಾನುವಾರ ಕಂದು ಒಗೆಯೋಕೆ ಹಾಕಿತ್ತು. ಅತ್ತಿಗೇನೇ ನೀಲಿ ಕೊಟ್ರು.

ಅಷ್ಟರಲ್ಲಿ ಅತ್ತಿಗೆಯೇ ಬಂದರು. ಡೈರೆಕ್ಟರ ಹೆಂಡತಿಯನ್ನು ಟೈಲರ್ ಮೊದಲಿನಿಂದಲೂ ಅತ್ತಿಗೆ ಎನ್ನುತ್ತಾರೆ. ಅವರ ಕೈಯಲ್ಲಿ ಸುರುಳಿ ಸುತ್ತಿದ ಕಂದು ಕಾಗದವಿತ್ತು. ಒಂದು ಮಗ್ಗುಲಲ್ಲಿ ಯಾರದೋ ಪ್ಯಾಂಟಿನ ಹಿಂಭಾಗದ ಅಳತೆ, ಇನ್ನೊಂದು ಮಗ್ಗುಲಲ್ಲಿ ಮೂವರೂ ಅಂದು ಮಾಡಿಕೊಂಡ ಕರಾರು: ಮೂವರೂ ಒಪ್ಪದೆ ಸಿನಿಮಾದಲ್ಲಿ ಒಂದು ಚೂರೂ ಬದಲಾಯಿಸಕೂಡದು. ಮೂರನೇ ರುಜು ಅತ್ತಿಗೆಯದು, ಏಕೆಂದರೆ ಸಿನಿಮಾದ ಮನೆ ಅವರ ಮನೆ, ಕಳಚಿದ ಬಾಗಿಲು ಅವರ ಬಾಗಿಲು. ಅದು ಆವತ್ತಿನಿಂದ ಇವತ್ತಿನವರೆಗೂ ಸರಿಯಾಗಿ ಮುಚ್ಚಿಲ್ಲ.

ಅತ್ತಿಗೆ: ಟೈಲರಣ್ಣ, ಒಪ್ಕೊಂಡುಬಿಡಿ. ಇವರು ಮೂರು ದಿನದಿಂದ ನಿದ್ದೇಲೂ ತಪ್ಪು ಎಣಿಸ್ತಿದಾರೆ. ನಂಗೂ ಸಾಕಾಗಿದೆ.

ಟೈಲರ್: ನೀವೇ ಹೀಗಂದ್ರೆ ಹೇಗೆ ಅತ್ತಿಗೆ? ಪಟ್ಟಿ ಓದಿದೀರಾ?

ಅತ್ತಿಗೆ: ನಾನ್ಯಾಕೆ ಓದ್ಲಿ?

ಟೈಲರ್: ಏಳನೇದು ಓದಿ.

ಅತ್ತಿಗೆ ಮೇಜಿನ ಮೇಲಿದ್ದ ಪಟ್ಟಿ ಎತ್ತಿಕೊಂಡು, ಕನ್ನಡಕ ಏರಿಸಿ ಓದತೊಡಗಿದರು. ಡೈರೆಕ್ಟರ್ ಪಟ್ಟಿ ಕಿತ್ತುಕೊಳ್ಳಲು ಕೈ ಚಾಚಿದರು. ಟೈಲರ್ ಟೇಪು ಅಡ್ಡ ಹಿಡಿದರು.

ಅತ್ತಿಗೆ: “ತಾರಸಿ ದೃಶ್ಯದಲ್ಲಿ ಹಿಂದೆ ಬಟ್ಟೆ ಒಣಹಾಕುತ್ತಿರುವ ಹೆಂಗಸು. ಅಳಿಸುವುದು.” ಇದ್ಯಾರು ಹೆಂಗಸು?

ಡೈರೆಕ್ಟರ್: ಅದು... ದೂರದಲ್ಲಿ... ಯಾರೋ...

ಅತ್ತಿಗೆ: ಆ ಹಸಿರು ಸೀರೆ ನಂದು! ಮೂವತ್ತು ಜನಕ್ಕೆ ಬೇಯಿಸಿ ಹಾಕಿ, ಹೆಣದ ಕಾಲುಚೀಲ ಒಗೆದು ಒಣಹಾಕ್ತಿದೀನಿ ಅಲ್ಲಿ! ನಾನು ಯಾರೋ ಹೆಂಗಸಾ? ಅದೂ ಏಳನೇ ತಪ್ಪಾ?

ಡೈರೆಕ್ಟರ್: ಕತೇಲಿ ನೀನಿಲ್ವಲ್ಲೇ!

ಅತ್ತಿಗೆ: ಕತೇಲಿ ಇಲ್ಲ, ಮನೇಲಿ ಇದ್ದೆ! ಟೈಲರಣ್ಣ, ನೀವು ಕೆರ್ಕೊಳಿ. ಎರಡೂ ಕೈಲಿ ಕೆರ್ಕೊಳಿ. ಯಾರು ಅಳಿಸ್ತಾರೋ ನಾನೂ ನೋಡ್ತೀನಿ.

ಟೈಲರ್ ಮನಸ್ಸಿನಲ್ಲೇ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ರಿಪೇರಿ ಮೇಡಂ ಒಳಗೆ ಬಂದರು. ನಲವತ್ತರ ಹೆಂಗಸು, ದಪ್ಪ ಕನ್ನಡಕ, ತೋಳಿನಲ್ಲಿ ಲ್ಯಾಪ್‌ಟಾಪ್ ಚೀಲ. ಪ್ಯಾಂಟನ್ನು ಪಕ್ಕಕ್ಕೆ ಸರಿಸಿ ಅದನ್ನು ಮೇಜಿನ ಮೇಲೆ ತೆರೆದರು.

ರಿಪೇರಿ ಮೇಡಂ: ಸರ್ ಹೇಳಿದ ಹಾಗೆ ಹದಿನೇಳನೇ ನಿಮಿಷ ಸ್ಯಾಂಪಲ್ ಮಾಡಿದೀನಿ. ನೋಡಿ, ಇಷ್ಟವಾದ್ರೆ ರುಜು ಹಾಕಿ.

ನಾಲ್ವರೂ ಬಗ್ಗಿ ನೋಡಿದರು. ಹಿರಿಯ ಮಗ ಭಾಷಣ ಮಾಡುತ್ತಿದ್ದ. ಮುಂದೆ ತಾತ ಮಲಗಿದ್ದ. ಕೈ ಮೇಲೇಳಲಿಲ್ಲ. ತಾನು ಅಷ್ಟು ಅಪ್ಪಟವಾಗಿ ಸತ್ತಿರುವುದನ್ನು ಟೈಲರ್ ಮೊದಲ ಸಲ ನೋಡಿದರು. ಬಾಯಿಂದ ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟರು.

ಡೈರೆಕ್ಟರ್: ಆಹಾ! ಇದು ಹೆಣ ಅಂದ್ರೆ! ಈಗ ನೋಡಿ, ಭಾಷಣದ ಜೋಕು ಹೇಗೆ... ಏಯ್, ಇದ್ಯಾರಿದು, ಹಿಂದೆ ಬೀರುವಿನ ಕನ್ನಡೀಲಿ?

ಕನ್ನಡಿಯಲ್ಲಿ ಒಬ್ಬ ಸಣಕಲು ಮನುಷ್ಯ ಸದ್ದಿಲ್ಲದೆ ಕುಣಿಯುತ್ತಿದ್ದ. ಟವೆಲ್ ಕಚ್ಚಿಕೊಂಡ. ಎರಡೂ ಕೈ ಮುಗಿದ. ಗಾಳಿಯಲ್ಲಿ ಯಾರದೋ ಕತ್ತು ಹಿಸುಕಿದ. ಕೊನೆಗೆ ತನ್ನ ತಲೆಯ ಮೇಲೆ ತಾನೇ ಹೊಡೆದುಕೊಂಡು ಕುಕ್ಕರಿಸಿದ.

ರಿಪೇರಿ ಮೇಡಂ: ನೀವೇ ಸರ್. ಗೊತ್ತಿರಲಿಲ್ವಾ?

ಗೊತ್ತಿರಲಿಲ್ಲ. ಪ್ರತಿ ಸಲ ಹದಿನಾರನೇ ನಿಮಿಷಕ್ಕೆ ಡೈರೆಕ್ಟರ್ ಎದ್ದು ಹೊರಗೆ ಹೋಗುತ್ತಿದ್ದರು. ಟೈಲರ್ ಪ್ರತಿ ಸಲ ತಮ್ಮ ಕೈಯನ್ನಷ್ಟೇ ನೋಡುತ್ತಿದ್ದರು.

ರಿಪೇರಿ ಮೇಡಂ: ಮೊದಲನೇ ಸಲ ನೋಡೋರು ಮೂಗು ನೋಡಿ ನಗ್ತಾರೆ. ಎರಡನೇ ಸಲದಿಂದ ಎಲ್ಲರ ಕಣ್ಣೂ ಕನ್ನಡಿ ಮೇಲೇ. ಕೆಲವರು ನಿಮ್ಮ ಹಾಗೇ ಟವೆಲ್ ತಗೊಂಡು ಬರ್ತಾರೆ ಥಿಯೇಟರಿಗೆ.

ಡೈರೆಕ್ಟರ್: ಟವೆಲ್ ತಗೊಂಡು? ನನ್ನ ಹಾಗೆ?

ರಿಪೇರಿ ಮೇಡಂ: ಆದ್ರೆ ಈಗ ಕೈ ಅಳಿಸಿಬಿಟ್ನಲ್ಲ, ನೀವ್ಯಾಕೆ ಕುಣೀತಿದೀರ ಅಂತ ಯಾರಿಗೂ ಗೊತ್ತಾಗಲ್ಲ. ಪಟ್ಟೀಲಿ ಹೇಳಿದ್ರೆ ನಿಮ್ಮನ್ನೂ ಅಳಿಸ್ತೀನಿ.

ಡೈರೆಕ್ಟರ್ ಅತ್ತಿಗೆಯ ಕೈಯಲ್ಲಿದ್ದ ಪಟ್ಟಿಯನ್ನು ಮೆಲ್ಲಗೆ ತೆಗೆದು ಬೆನ್ನ ಹಿಂದೆ ಸರಿಸಿದರು.

ಡೈರೆಕ್ಟರ್: ಅಲ್ಲ... ನೋಡೋ, ಯೋಚನೆ ಮಾಡಿದ್ರೆ ಹೆಣ ಒಂದ್ಸಲ ಮೂಗು ಕೆರ್ಕೊಂಡ್ರೆ ಅಂಥಾ ತಪ್ಪೇನಿಲ್ಲ. ಮನುಷ್ಯನ ಹೆಣ ತಾನೆ? ಕಡಿತ ಇರುತ್ತೆ.

ಟೈಲರ್: ಅಳಿಸಿ ಮೇಡಂ.

ಡೈರೆಕ್ಟರ್: ಏನೋ?

ಟೈಲರ್: ಅಳಿಸಿ ಅಂದೆ. ಹೆಣ ಮೂಗು ಕೆರ್ಕೊಳಲ್ಲ.

ಡೈರೆಕ್ಟರ್: ನೀನು ಮಾಡಿದ ಹೆಣ ಕೆರ್ಕೊಳ್ಳುತ್ತಪ್ಪ! ಈಗ ತಾನೆ ಹೇಳ್ದೆ!

ಟೈಲರ್: ನೀನು ಕುಣಿಯೋಕೆ ನಾನು ಕೆರ್ಕೋಬೇಕೇನು? ಇಷ್ಟು ವರ್ಷ ನಾನೇ ಹೀರೋ ಅಂದ್ಕೊಂಡಿದ್ದೆ. ನಾನು ತಾಳ ಹಾಕೋನು ಅಂತ ಇವತ್ತು ಗೊತ್ತಾಯ್ತು. ಆ ಗುಂಡಿ ಹೊಲಿಸ್ಕೊಂಡು ಹೋದೋರೆಲ್ಲ ನನ್ನ ನೋಡಿ ಒಳಗೊಳಗೇ ಅಯ್ಯೋ ಪಾಪ ಅಂತಿದ್ರೇನೋ.

ಜಗಳವಾಡುವವರು ಹೀಗೆ ತಮ್ಮನ್ನೇ ತಾವು ಬೈದುಕೊಳ್ಳಬಾರದು. ಎದುರಿನವರಿಗೆ ಏನು ಬೈಯಬೇಕೋ ತೋಚುವುದಿಲ್ಲ. ಡೈರೆಕ್ಟರ್ ಪಟ್ಟಿಯನ್ನು ಜೇಬಿಗೆ ತುರುಕಿದರು. ಅತ್ತಿಗೆ ಕರಾರಿನ ಸುರುಳಿಯನ್ನು ಸುತ್ತಿ ಬಿಚ್ಚಿ ಮಾಡಿದರು.

ಅತ್ತಿಗೆ: ಮೇಡಂ, ನೀವು ಎಷ್ಟು ಸಲ ನೋಡಿದೀರಿ?

ರಿಪೇರಿ ಮೇಡಂ: ಕೆಲಸಕ್ಕೆ ಅಂತ ಅರವತ್ತು ಸಲ. ಅದಕ್ಕೆ ಮುಂಚೆ ಹದಿಮೂರು.

ಅತ್ತಿಗೆ: ನೀವು ಯಾವುದು ನೋಡ್ತೀರಿ? ಮೂಗೋ, ಕನ್ನಡಿಯೋ?

ರಿಪೇರಿ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

ರಿಪೇರಿ ಮೇಡಂ: ಮೂಗು. ಈಗಲೂ ಮೂಗೇ. ಆವಾಗ ನಮ್ಮಪ್ಪ ತೀರ್ಕೊಂಡು ವಾರ ಆಗಿತ್ತು, ಅಮ್ಮ ಮಾತೇ ಬಿಟ್ಟಿದ್ರು. ಯಾವುದೋ ತಮಾಷೆ ಸಿನಿಮಾ ಅಂತ ಅಣ್ಣ ನಮ್ಮನ್ನ ಎಳ್ಕೊಂಡು ಹೋದ. ತೆರೆ ಮೇಲೆ ನೋಡಿದ್ರೆ ಹೆಣ. ಅಣ್ಣನ್ನ ಅಲ್ಲೇ ಕೊಂದುಬಿಡೋಣ ಅನ್ನಿಸ್ತು. ಅಮ್ಮ ಮಾತ್ರ ಆ ಕೈಯನ್ನೇ ನೋಡ್ತಾ ಕೂತಿದ್ರು. ಅಪ್ಪನ ಮುಂದೇನೂ ಹಾಗೇ ಇಡೀ ದಿನ ಕೂತಿದ್ರು, ಒಂದ್ಸಲ ಕೈ ಅಲ್ಲಾಡಲಿ, ಬೇರೇನೂ ಬೇಡ ಅಂತ. ಆಮೇಲೆ ನಿಮ್ಮ ಕೈ ಎದ್ದಿತು ಮಾಸ್ಟ್ರೇ. ಅಮ್ಮ ನಕ್ಕರು. ಎಷ್ಟು ನಕ್ಕರು ಅಂದ್ರೆ, ಅಕ್ಕಪಕ್ಕದವರು ನೀರು ಕೊಟ್ರು. ಆಮೇಲೆ ಅತ್ತರು. ಮನೆಗೆ ಬಂದು ಊಟ ಮಾಡಿದ್ರು.

ಮೇಡಂ ಕನ್ನಡಕ ಮತ್ತೆ ಏರಿಸಿಕೊಂಡು ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು.

ರಿಪೇರಿ ಮೇಡಂ: ನೀವು ಹೇಳಿದ್ರೆ ಅಳಿಸ್ತೀನಿ, ನನ್ನ ಕೆಲಸ ಅದು. ಆದ್ರೆ ಈ ಸ್ಯಾಂಪಲ್ ಮಾಡಿದ ದಿನ ನನಗೆ ಊಟ ಸೇರಲಿಲ್ಲ.

ಟೈಲರ್ ಪೆನ್ನು ಕೇಳಲಿಲ್ಲ. ಕೈಗೆ ಸಿಕ್ಕ ಸೀಮೆಸುಣ್ಣದಲ್ಲೇ, ಕರಾರಿನ ಕಂದು ಕಾಗದದ ಮೇಲೆ, ಏನನ್ನೂ ಅಳಿಸಕೂಡದು ಎಂದು ದೊಡ್ಡದಾಗಿ ಬರೆದು ರುಜು ಹಾಕಿದರು. ಅತ್ತಿಗೆ ಅದರ ಕೆಳಗೆ, ಏಳನೇದನ್ನಂತೂ ಮುಟ್ಟಕೂಡದು ಎಂದು ಸೇರಿಸಿ ರುಜು ಹಾಕಿದರು. ಡೈರೆಕ್ಟರ್ ಇಬ್ಬರಿಗೂ ಕಾಗದ ಹೀಗೆ ಹಿಡಿ, ಕೈ ಹಾಗೆ ಇಡು, ಸುಣ್ಣ ಉದುರದ ಹಾಗೆ ಬರಿ ಎಂದು ಹೇಳಿಕೊಟ್ಟು, ಕೊನೆಗೆ ತಾವೂ ರುಜು ಹಾಕಿದರು. ಹಾಕಿದ ಮೇಲೂ ಅವರಿಗೆ ಒಂದು ಅನುಮಾನ ಉಳಿದಿತ್ತು.

ಡೈರೆಕ್ಟರ್: ಅಲ್ಲ ಮೇಡಂ, ನಿಮ್ಮಮ್ಮ ಕನ್ನಡೀಲಿ ನನ್ನನ್ನ ನೋಡ್ಲೇ ಇಲ್ವಾ?

ರಿಪೇರಿ ಮೇಡಂ: ನೋಡಿದ್ರು ಸರ್. ಥೇಟ್ ನಮ್ಮ ಚಿಕ್ಕಪ್ಪ ಅಂದ್ರು. ಸಾವಾದ ಮನೇಲಿ ಒಬ್ರು ಇರ್ತಾರಲ್ಲ, ಎಲ್ಲಾ ತಮ್ಮಿಂದಲೇ ನಡೀತಿದೆ ಅನ್ನೋ ಹಾಗೆ, ಆ ಕಡೆ ಹಿಡಿ, ಈ ಕಡೆ ತಿರುಗಿಸು ಅಂತ ಕುಣಿದಾಡ್ಕೊಂಡು.

ಅತ್ತಿಗೆ: ನಮ್ಮನೇಲಿ ಅದಕ್ಕೆ ಯಾರೂ ಸಾಯೋದೇ ಬೇಕಾಗಿಲ್ಲಮ್ಮ.