ಗುಳ್ಳೆರಾಯನ ಸೆಲ್ಲು

ಆವತ್ತಿನ ರಗಳೆಗೆಲ್ಲ ಕಾರಣ ಮೀಟರಿನ ಒಂದು ಅಂಕಿ. ಜಲಜನಕ ಪ್ರಯೋಗಾಲಯದ ಮೂಲೆಯಲ್ಲಿದ್ದ ಹಳೇ ಸೆಲ್ಲು ಬೆಳಿಗ್ಗೆ ಎರಡು ವೋಲ್ಟು ದಾಟಿಬಿಟ್ಟಿತ್ತು. ನೀರನ್ನು ಒಡೆದು ಜಲಜನಕ ತೆಗೆಯಲು ಒಂದೂಕಾಲು ವೋಲ್ಟಾದರೂ ಬೇಕೇ ಬೇಕು. ಅದರ ಮೇಲೆ ಏರಿದ್ದೆಲ್ಲ ದಂಡ. "ಸಂಜೆಯೊಳಗೆ ಇಳೀಲಿಲ್ಲ ಅಂದ್ರೆ ಬಿಚ್ಚಿ ಗುಜರಿಗೆ ಹಾಕಿ," ಎಂದು ಹೇಳಿ ಮ್ಯಾನೇಜರು ಹೊರಟುಹೋದರು.

ಆ ಸೆಲ್ಲು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಗುಳ್ಳೆರಾಯ ಎನ್ನುತ್ತಿದ್ದರು. ಗಾಜಿನ ಕೊಳವೆಯಲ್ಲಿ ಏಳುವ ಗುಳ್ಳೆಗಳನ್ನು ದಿನವಿಡೀ ಬಾಯಿ ಬಿಟ್ಟುಕೊಂಡು ನೋಡುವುದೇ ಅವನ ಕಸುಬು. ಪಾಪ, ನೋಡದೆ ಏನು ಮಾಡಿಯಾನು? ಒಳಗಿನ ತೆಳು ಪೊರೆಗೆ ವೇಗವರ್ಧಕ ಬಳಿದವಳು ಅದೇ ಪ್ರಯೋಗಾಲಯದಲ್ಲಿದ್ದ ಅವನ ಹೆಂಡತಿ. ಅವಳು ತೀರಿಹೋಗಿ ವರ್ಷವಾಗಿತ್ತು. ಅವಳ ಕೈಕೆಲಸ ಇನ್ನೂ ನಡೆಯುತ್ತಿದ್ದುದು ಅಲ್ಲೊಂದೇ ಕಡೆ.

"ಕ್ರಿಯೆ ನಿಧಾನ ಆಗಿದೆ ಅಷ್ಟೆ. ಕರೆಂಟು ಮೆಲ್ಲಗೆ ಏರಿಸಿ ಇಳಿಸಿ ನೋಡ್ತೀನಿ, ನಷ್ಟ ಎಲ್ಲಿ ಅಂತ ಗೊತ್ತಾಗುತ್ತೆ," ಎಂದ.

ಯಾರು ಬಿಡಬೇಕು? ಪಂಪು ನಡೆಸುವ ಅಕ್ಕ ಓಡಿ ಬಂದಳು. "ಒಳಗೆ ಗುಳ್ಳೆ ಅಂಟ್ಕೊಂಡಿರುತ್ತೆ ಕಣೋ! ನೀರು ಜೋರಾಗಿ ಬಿಡ್ತೀನಿ ತಾಳು." ಬಿಟ್ಟಿದ್ದೇ ತಡ, ಪೈಪು ಕಳಚಿ ಗುಳ್ಳೆರಾಯನಿಗೆ ತಲೆಸ್ನಾನವಾಯಿತು. ಅಂಕಿ ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ಕದಲಲಿಲ್ಲ.

"ಬೋಲ್ಟು ಸಡಿಲ ಇದೆ ಮಾರಾಯ! ಒಂದಕ್ಕೊಂದು ಸರಿಯಾಗಿ ತಾಗದೆ ಕರೆಂಟು ಹೇಗೆ ಹರೀಬೇಕು?" ಎಂದು ಫಿಟ್ಟರಣ್ಣ ದೊಡ್ಡ ಸ್ಪ್ಯಾನರು ಹಿಡಿದು ಬಂದ.

"ಬೇಡಣ್ಣ, ಪೊರೆ ತುಂಬಾ ತೆಳು."

"ತಂಗಿ ಮಾಡಿದ್ದು ಅಂತ ನಂಗೆ ಗೊತ್ತಿಲ್ವೇನೋ? ಅದನ್ನ ಗುಜರಿಗೆ ಹೋಗೋಕೆ ಬಿಡ್ತೀನಾ?"

ಆ ಮಾತು ಕೇಳಿ, ಕೈ ಅಡ್ಡ ಹಿಡಿದಿದ್ದ ಗುಳ್ಳೆರಾಯ ಸರಿದು ನಿಂತ. ಫಿಟ್ಟರಣ್ಣ ಹಲ್ಲು ಕಚ್ಚಿ ಬಿಗಿದ. ಅಂಕಿ ಇಳಿಯಿತು! ಒಂದೂಮುಕ್ಕಾಲು.

"ಇನ್ನೂ ಬಿಗಿ ಅಣ್ಣಾ!" ಕೂಗಿದವನು ಗುಳ್ಳೆರಾಯನೇ.

ಒಂದೂವರೆ. ಅಕ್ಕ ಚಪ್ಪಾಳೆ ತಟ್ಟಿದಳು. ಒಂದು. ಚಪ್ಪಾಳೆ ನಿಂತಿತು. ಅರ್ಧ.

ಅರ್ಧ ವೋಲ್ಟಿಗೆ ನೀರು ಒಡೆಯುವುದಿಲ್ಲ. ಬಿಗಿದ ಬಿಗಿತಕ್ಕೆ ಪೊರೆಯ ಒಂದು ಬದಿಗಿದ್ದ ಲೋಹದ ಜಾಲರಿ ಅದನ್ನು ತೂತು ಮಾಡಿ ಇನ್ನೊಂದು ಬದಿಯ ಜಾಲರಿಗೆ ತಾಗಿತ್ತು. ಕರೆಂಟು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಹಾದುಹೋಗುತ್ತಿತ್ತು. ಕೊಳವೆಯಲ್ಲಿ ಒಂದೇ ಒಂದು ಗುಳ್ಳೆಯಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರು ಬಂದರು. ಅವರಿಗೆ ಮೀಟರು ಓದಲು ಬರುತ್ತಿತ್ತು, ಅಷ್ಟೇ.

"ಅರ್ಧ ವೋಲ್ಟು! ಭಲೇ!"

"ಸಾರ್, ಗ್ಯಾಸೇ ಬರ್ತಿಲ್ಲ..."

"ಬರುತ್ತೆ ಬಿಡಯ್ಯಾ! ಇನ್ಮೇಲೆ ಇದನ್ನ ಬಿಚ್ಚೋ ಮಾತೇ ಇಲ್ಲ. ಎಷ್ಟು ವರ್ಷ ಆದ್ರೂ ಇಲ್ಲೇ ಇರಲಿ, ನೀನೇ ನೋಡ್ಕೋ," ಎಂದು ಬೆನ್ನು ತಟ್ಟಿ ಹೋದರು.

ಗುಳ್ಳೆರಾಯ ಒದ್ದೆ ತಲೆಯಲ್ಲೇ ಸ್ಟೂಲಿನ ಮೇಲೆ ಕೂತ. ಪಕ್ಕದಲ್ಲಿ ಫಿಟ್ಟರಣ್ಣ ಸ್ಪ್ಯಾನರು ಹಿಡಿದುಕೊಂಡೇ ಬಿಕ್ಕುತ್ತಿದ್ದ.

"ಅಳಬೇಡಣ್ಣ," ಎಂದ ಗುಳ್ಳೆರಾಯ. "ಇನ್ನೂ ಬಿಗಿ ಅಂದಿದ್ದು ನಾನೇ ಅಲ್ವಾ."