ಮೆಟ್ಟಿಲಿಲ್ಲದ ಅಮೆರಿಕನ್ ಮನೆ

ಮನೆ ಪ್ಲಾನ್ ಬರೆಯುವವನಿಗೆ ನಗು ಬರುವಂಥ ಪ್ರಸಂಗ ವಾರಕ್ಕೊಂದಾದರೂ ಎದುರಾಗುತ್ತದೆ. ಆದರೆ ನಗುವ ಹಾಗಿಲ್ಲ. ಎದುರಿಗೆ ಕೂತವರು ಜೀವಮಾನದಲ್ಲಿ ಒಂದೇ ಸಲ ಮನೆ ಕಟ್ಟುವವರು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಮುಖ ಬಿಗಿದುಕೊಂಡು ಗೆರೆ ಎಳೆದಿದ್ದೇನೆ. ಈಗ ಆ ಮುಖ ಹಾಗೇ ನಿಂತುಬಿಟ್ಟಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಲ್ಲಿ ಬರೆದಿರುವುದೆಲ್ಲ ಒಂದೇ ಮನೆಯ ಸಂಗತಿ. ಅದರಲ್ಲಿ ತಪ್ಪು ಯಾರದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

೧. ಪುಸ್ತಕ

ಒಂದು ಮಧ್ಯಾಹ್ನ ಒಬ್ಬ ರಿಟೈರ್ಡ್ ರೈಟರು ಬಂದರು. ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಗೊಬ್ಬರ, ಕಾಫಿ ಮೂಟೆ ಎಲ್ಲವನ್ನೂ ಬರೆದಿಡುವವರಿಗೆ ನಮ್ಮ ಕಡೆ ರೈಟರು ಅನ್ನುವುದು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೇ ಪುಸ್ತಕ. ಧಣಿಗಳ ಬಂಗಲೆಯ ಅಟ್ಟ ಖಾಲಿ ಮಾಡಿಸಿದಾಗ ರದ್ದಿಗೆ ಹೊರಟಿದ್ದನ್ನು ಕೇಳಿ ಇಟ್ಟುಕೊಂಡಿದ್ದರಂತೆ. ಒಳಗೆ ಎಪ್ಪತ್ತು ವರ್ಷ ಹಿಂದಿನ ಅಮೆರಿಕದ ಮನೆಗಳ ಪ್ಲಾನು. ರಾಂಚ್ ಹೌಸ್ ಎಂದು ಹೆಸರು. ಎಲ್ಲ ಒಂದೇ ಅಂತಸ್ತು, ಉದ್ದಕ್ಕೆ ಮಲಗಿಸಿದ ಹಾಗೆ, ಮೇಲೆ ಇಳಿಜಾರು ಕಡಿಮೆಯಿರುವ ತಗ್ಗಾದ ಮಾಡು. ಕೆಲವು ನೆಟ್ಟಗೆ, ಕೆಲವು ಎಲ್ ಅಕ್ಷರದ ಹಾಗೆ ಮುರಿದು ಹಿತ್ತಲನ್ನು ಅಪ್ಪಿಕೊಂಡವು.

ಎಲ್ ಅಕ್ಷರದ ಒಂದು ಪುಟ ತೆಗೆದು, "ಈ ಮನೆ ಆಗಬೇಕು," ಅಂದರು.

"ಕೋಳಿ ಫಾರಂ ತರ ಇದೆಯಲ್ಲ ರೈಟ್ರೇ."

ಅವರಿಗೆ ಬೇಸರವಾಗಲಿಲ್ಲ. ಚಿತ್ರದ ಒಂದು ಮೂಲೆಗೆ ಬೆರಳಿಟ್ಟರು. ಒಬ್ಬ ಹೆಂಗಸು ಟ್ರೇ ಹಿಡಿದು ಅಡುಗೆಮನೆಯಿಂದ ಗಾಜಿನ ಬಾಗಿಲು ದಾಟಿ ಹಿತ್ತಲಂಗಳಕ್ಕೆ ಬರುತ್ತಿದ್ದಾಳೆ.

"ಇವಳ ಕಾಲ ಕೆಳಗೆ ನೋಡಿ. ಎಲ್ಲಾದ್ರೂ ಒಂದು ಮೆಟ್ಟಿಲು ಇದೆಯಾ?"

ಇರಲಿಲ್ಲ. ಆಮೇಲೆ ವಿಷಯ ಹೇಳಿದರು. ಅವರ ಹೆಂಡತಿ ಎರಡು ವರ್ಷದ ಹಿಂದೆ ಎಸ್ಟೇಟ್ ಕ್ವಾರ್ಟರ್ಸಿನ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಬೆನ್ನು ಮುರಿದುಕೊಂಡಿದ್ದಾರೆ. ಆಪರೇಶನ್ ಆದರೂ ಕಾಲಿಗೆ ಶಕ್ತಿ ಬರಲಿಲ್ಲ. ಕೈ ಗಟ್ಟಿಯಿದೆ, ಗಾಲಿಕುರ್ಚಿ ತಾವೇ ತಳ್ಳಿಕೊಳ್ಳುತ್ತಾರೆ. ಆದರೆ ಕ್ವಾರ್ಟರ್ಸಿಗೆ ಏಳು ಮೆಟ್ಟಿಲು, ಅಡುಗೆಮನೆಗೆ ಒಂದು, ಹಿತ್ತಲಿಗೆ ಎರಡು. ಪ್ರತಿಯೊಂದಕ್ಕೂ ಯಾರಾದರೂ ಹೊರಬೇಕು. ಹೊರಿಸಿಕೊಳ್ಳುವುದು ಆಕೆಗೆ ಸಾಯುವಷ್ಟು ಅವಮಾನ. ಹಾಗಾಗಿ ಒಂದು ಕೋಣೆ ಬಿಟ್ಟು ಕದಲುವುದಿಲ್ಲ.

"ಅವಳು ಯಾರನ್ನೂ ಕೇಳದೆ ಒಂದು ಲೋಟ ಕಾಫಿ ಮಾಡ್ಕೊಂಡು ಅಂಗಳಕ್ಕೆ ಬಂದು ಕುಡಿಬೇಕು. ಮನೆ ಅದಕ್ಕೆ."

ಇಂಥ ಮಾತು ಕೇಳಿದಾಗ ನಾನು ಕಸುಬಿನ ಮಾತಿಗೆ ಇಳಿಯುತ್ತೇನೆ. ನಮ್ಮ ಇಳಿಜಾರು ನೆಲಕ್ಕೆ ಒಪ್ಪುತ್ತದೆ ಎಂದು, ಅದೇ ಪುಸ್ತಕದಿಂದ ಅರ್ಧ ಮನೆ ಮೇಲೆ ಅರ್ಧ ಕೆಳಗೆ ಇರುವ ಇನ್ನೊಂದು ನಮೂನೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎಣಿಸಿದರು. "ಆರು ಮೆಟ್ಟಿಲು," ಎಂದು ಪುಟ ಮಗುಚಿದರು.

"ಇದ್ರಲ್ಲಿ ಏನೂ ಬದಲಾಯಿಸೋದು ಬೇಡ್ವಾ?" ಎಂದು ಕೇಳಿದೆ.

ಮನೆ ಮುಂದೆ ನಿಂತಿದ್ದ ರೆಕ್ಕೆಯಂಥ ಬಾಲದ ದೊಡ್ಡ ಕಾರನ್ನು ಸ್ವಲ್ಪ ಹೊತ್ತು ನೋಡಿ ರೈಟರು ಹೇಳಿದರು, "ಕಾರು ಬೇಡ."

೨. ಉದ್ದ

ಅವರ ಜಾಗ ಕೊಟ್ಟಿಗೆಹಾರದ ರಸ್ತೆಯ ಬದಿಗೆ. ನಮ್ಮ ಸೀಮೆಯಲ್ಲಿ ಎಪ್ಪತ್ತು ಅಡಿ ಸಮತಟ್ಟು ನೆಲ ಬೇಕೆಂದರೆ ಒಂದೋ ಫುಟ್‌ಬಾಲ್ ಮೈದಾನ, ಇಲ್ಲವೇ ಜೆಸಿಬಿ. ಮೂರು ದಿನ ಜೆಸಿಬಿ ದಿಬ್ಬ ಕೊರೆಯಿತು. ಉದ್ದಕ್ಕೆ ತಳಪಾಯ ಎದ್ದದ್ದೇ ತಡ, ಊರು ಮಾತಾಡತೊಡಗಿತು. ಒಬ್ಬರು ಕಾಫಿ ಗೋಡೌನ್ ಅಂದರು. ಇನ್ನೊಬ್ಬರು ಶಾಲೆ ಅಂದರು. ಪಕ್ಕದ ತೋಟದ ಯಜಮಾನರು ಮಾತ್ರ ಊಹೆ ಮಾಡುತ್ತ ಕೂರದೆ, ಸ್ವೀಟ್ ಬಾಕ್ಸ್ ಹಿಡಿದು ನೇರ ರೈಟರ ಹತ್ತಿರ ಬಂದರು.

"ಊರಿಗೆ ಒಂದು ಕಲ್ಯಾಣಮಂಟಪ ಬೇಕಿತ್ತು ಮಾರಾಯ್ರೇ. ಒಳ್ಳೇ ಕೆಲಸ. ಮಗಳ ಮದುವೆ ಮೇ ತಿಂಗಳಲ್ಲಿ. ಮೊದಲನೇ ಬುಕಿಂಗ್ ನಮ್ಮ ಹೆಸರಿಗೇ ಬರ್ಕೊಳ್ಳಿ."

"ಇದು ನನ್ನ ಮನೆ," ಅಂದರು ರೈಟರು.

ಯಜಮಾನರು ತಳಪಾಯದ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿ, "ಎಷ್ಟು ಜನ ಇದ್ದೀರಿ?" ಅಂದರು.

"ಇಬ್ಬರು."

ಯಜಮಾನರು ಹೋಗುವಾಗ ಸ್ವೀಟ್ ಬಾಕ್ಸ್ ವಾಪಸ್ ತೆಗೆದುಕೊಂಡು ಹೋದರು.

೩. ಬೆರಳಲ್ಲೇ ಓಡಾಡಿದ್ದು

ಪ್ಲಾನನ್ನು ರೈಟರ ಹೆಂಡತಿಗೆ ತೋರಿಸಲು, ಗೋಡೆ ಏಳುವ ಮೊದಲು ಒಂದು ಭಾನುವಾರ ಕ್ವಾರ್ಟರ್ಸಿಗೆ ಹೋದೆ. ಏಳು ಮೆಟ್ಟಿಲನ್ನೂ ಎಣಿಸಿಕೊಂಡು ಹತ್ತಿದೆ. ಆಕೆ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು, ತೋರುಬೆರಳನ್ನು ಮುಂಬಾಗಿಲಿನಲ್ಲಿಟ್ಟು ಹೊರಟರು.

"ಒಳಗೆ ಬಂದೆ. ಇದು ಹಾಲು. ಇಲ್ಲಿ ಗೋಡೆ ಇಲ್ವಾ?"

"ಇಲ್ಲ ಅಕ್ಕ. ಹಾಲು, ಊಟದ ಜಾಗ, ಅಡುಗೆಮನೆ ಎಲ್ಲ ಒಂದೇ. ಅಮೆರಿಕದವರು ಹಾಗೇ."

"ಮೀನು ಹುರಿದ್ರೆ ಬಂದವರ ಬಟ್ಟೆಗೆಲ್ಲ ವಾಸನೆ." ಬೆರಳು ಮುಂದೆ ಹೋಯಿತು. "ಇದೆಂತ, ಮಧ್ಯೆ ಕಟ್ಟೆ?"

"ಎತ್ತರದ ಸ್ಟೂಲ್ ಮೇಲೆ ಕೂತು ತಿಂಡಿ ತಿನ್ನೋ ಕಟ್ಟೆ."

"ಹೋಟೆಲ್ ತರ. ಹಾಗಾದ್ರೆ ಗಲ್ಲಾದಲ್ಲಿ ಇವರು ಕೂರ್ತಾರೆ," ಎಂದು ಗಂಡನ ಕಡೆ ನೋಡಿದರು. ಅವರು ನಗಲಿಲ್ಲ. ಆಕೆಯೂ ನಗಲಿಲ್ಲ. ಆ ಮನೆಯಲ್ಲಿ ತಮಾಷೆ ನಡೆಯುವುದು ಹೀಗೆ ಎಂದು ಅವತ್ತು ಗೊತ್ತಾಯಿತು.

ಬೆರಳು ಮಲಗುವ ಕೋಣೆ ಹೊಕ್ಕು, ಒಂದು ಪುಟ್ಟ ಚೌಕದ ಮುಂದೆ ನಿಂತಿತು. ಅದು ಒಳಗೆ ಹೋಗಿ ಬಟ್ಟೆ ತೂಗುಹಾಕಲು ಅಮೆರಿಕದವರು ಮಾಡಿಕೊಳ್ಳುವ ಕೋಣೆ ಎಂದು ವಿವರಿಸಿದೆ.

"ಬಟ್ಟೆಗೆ ಒಂದು ಕೋಣೆ. ದೇವರಿಗೆ?"

ಎಪ್ಪತ್ತು ಅಡಿ ಮನೆಯಲ್ಲಿ ದೇವರಿಗೆ ಒಂದಡಿಯೂ ಇಟ್ಟಿರಲಿಲ್ಲ. ಅಲ್ಲೇ ಪೆನ್ಸಿಲ್ ತೆಗೆದು ಮಲಗುವ ಕೋಣೆಯ ಕಡೆ ಗೋಡೆ ಎಳೆದು, ಹಾಲಿನ ಕಡೆ ಬಾಗಿಲು ಕೊಟ್ಟೆ. ಅಳತೆ ಹಾಕಿ ಮಾಡಿಸಿದ ಹಾಗೆ ಕೂತಿತು. ಕಟ್ಟುವಾಗ ಒಂದು ಸಲ ಬಂದು ನೋಡಬಹುದಲ್ಲ ಎಂದೆ.

"ಹೊತ್ತುಕೊಂಡು ಹೋಗಿ ತೋರಿಸೋದೇನೂ ಬೇಡ. ಮುಗಿದ ಮೇಲೆ ನಾನೇ ಬರ್ತೀನಿ," ಅಂದರು. ಆಮೇಲೆ ಬೆರಳನ್ನು ಅಡುಗೆಮನೆಯಿಂದ ಹಿತ್ತಲಂಗಳಕ್ಕೆ ಒಯ್ದು, ಅಲ್ಲೇ ಬಿಟ್ಟರು. ನಾನು ಕಾಫಿ ಕುಡಿದು ಮುಗಿಸುವವರೆಗೂ ಆ ಬೆರಳು ಒಳಗೆ ಬರಲಿಲ್ಲ.

೪. ಮಾಡು

ಮನೆ ಕಟ್ಟಿದ ಮೇಸ್ತ್ರಿ ಮುಸ್ಲಿಮರು. ತಾಲ್ಲೂಕಿನ ಅರ್ಧ ಮನೆಗಳಿಗೆ ಬಾಗಿಲು ನಿಲ್ಲಿಸಿದವರು ಅವರೇ. ಯಾವ ಜಾತಿಯ ಮನೆಗೆ ಯಾವ ಶಾಸ್ತ್ರ ಎಂಬುದು ಪುರೋಹಿತರಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ಪುಸ್ತಕದಲ್ಲಿದ್ದ ಹಾಗೇ ತಗ್ಗಿನ ಮಾಡನ್ನು ಬರೆದು ಕೊಟ್ಟೆ. ಅವರು ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಈ ಅಮೆರಿಕದವರಿಗೆ ಮಳೆ ಬರ್ತದಾ ಸಾರ್?"

"ಬರ್ತದೆ."

"ನಮ್ಮ ತರ?"

ಅವರು ಹಾಳೆ ಮಡಚಿ ಕೊಟ್ಟರು. "ಈ ಮಾಡಿಂದ ಇಳೀಬೇಕಾದ್ರೆ ನೀರು ಪಂಚಾಯತಿಗೆ ಅರ್ಜಿ ಹಾಕ್ಬೇಕು."

ಇಳಿಜಾರು ಹೆಚ್ಚಿಸಿದೆ. ಚಿತ್ರದ ಚೆಂದ ಹೋಯಿತು, ಆದರೆ ಮನೆ ಉಳಿಯಿತು.

೫. ದೊಡ್ಡ ಕಿಟಕಿ

ರಾಂಚ್ ಮನೆಗೆ ಮುಂದುಗಡೆ ಗೋಡೆಯಷ್ಟೇ ದೊಡ್ಡ ಗಾಜಿನ ಕಿಟಕಿ ಇರಬೇಕು. ಒಳಗಿದ್ದವರು ಹೊರಗೆ ನೋಡಲಿ ಎಂದು. ಚಾರ್ಮಾಡಿ ಕಡೆ ಹೋಗುವ ಪ್ರವಾಸಿಗಳಿಗೆ ಅದು ಹೊರಗಿನಿಂದ ಒಳಗೆ ನೋಡುವ ಕಿಟಕಿ ಎಂಬುದು ನನಗೆ ಹೊಳೆದಿರಲಿಲ್ಲ. ಗಾಜು ಕೂರಿಸಿದ ವಾರವೇ ಒಂದು ಕಾರು ನಿಂತಿತು. ಕಿಟಕಿಯಲ್ಲಿ ಕಟ್ಟೆ ಕಾಣುತ್ತದೆ, ಎತ್ತರದ ಸ್ಟೂಲುಗಳು ಕಾಣುತ್ತವೆ. ನಾಲ್ಕು ಜನ ಒಳಗೆ ಬಂದು, ಕೈ ತೊಳೆದುಕೊಂಡು, ಸಾಲಾಗಿ ಕೂತು, "ನೀರುದೋಸೆ ಇದೆಯಾ?" ಎಂದು ಪೇಂಟ್ ಹಚ್ಚುತ್ತಿದ್ದ ಮೇಸ್ತ್ರಿಯನ್ನು ಕೇಳಿದರು.

ಮೇಸ್ತ್ರಿ ಬ್ರಶ್ ಕೆಳಗಿಡದೆ, "ಇದು ಹೋಟೆಲಲ್ಲ, ಮನೆ," ಅಂದರು.

ಅವರಲ್ಲೊಬ್ಬರು ಸುತ್ತ ನೋಡಿ, ಬಹಳ ಮರ್ಯಾದೆಯಿಂದ, "ರೂಮಿದ್ರೂ ಆಗ್ತದೆ," ಅಂದರು.

೬. ಬಾಗಿಲು ನಿಲ್ಲಿಸಿದ್ದು

ಗಾಲಿಕುರ್ಚಿ ಸಲೀಸಾಗಿ ಹೋಗಲೆಂದು ಎಲ್ಲ ಬಾಗಿಲನ್ನೂ ಅಗಲ ಮಾಡಿಸಿದೆ. ರೈಟರು ಟೇಪು ಹಿಡಿದು ಒಂದೊಂದನ್ನೂ ತಾವೇ ಅಳೆದರು. ಬಚ್ಚಲಿಗೂ ದಂಡೆಯಿಲ್ಲ. ರಸ್ತೆಯಿಂದ ಜಗಲಿಗೆ ನಯವಾದ ಇಳಿಜಾರು, ಜಗಲಿಯಿಂದ ಮನೆ ಸುತ್ತಿ ಹಿತ್ತಲಂಗಳಕ್ಕೆ ಮಟ್ಟವಾದ ಸಿಮೆಂಟ್ ದಾರಿ. ಹಿಂದಿನ ಗಾಜಿನ ಬಾಗಿಲು ಜಾರುವ ಹಳಿಯನ್ನೂ ನೆಲದೊಳಗೆ ಹುದುಗಿಸಿದೆವು. ಒಂದು ಗೋಲಿ ಉರುಳಿಬಿಟ್ಟರೆ ಮನೆಯಿಡೀ ಸುತ್ತಿ ಬರಬೇಕು ಎಂದು ನಾನು ಎಲ್ಲರ ಮುಂದೆ ಜಂಭ ಕೊಚ್ಚಿಕೊಂಡಿದ್ದೆ.

ಗಾಜು, ಪೇಂಟಿಗೆಲ್ಲ ಮುಂಚೆ, ಮುಂಬಾಗಿಲು ನಿಲ್ಲಿಸಿದ ದಿನ ನನ್ನನ್ನೂ ಕರೆದಿದ್ದರು. ಹಲಸಿನ ಮರದ ಬಾಗಿಲುವಾಡ. ಪುರೋಹಿತರು ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿಸಿ, ಹೂವಿಡಿಸಿ, ಕಾಯಿ ಒಡೆಸಿದರು. ರೈಟರು ಹೊಸಿಲಿಗೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಮೇಸ್ತ್ರಿ ಮಟ್ಟಗೋಲು ಇಟ್ಟು, "ಕೂದಲೆಳೆಯಷ್ಟೂ ವಾಲಿಲ್ಲ," ಅಂದರು. ರೈಟರು ಬಾಗಿಲ ಫೋಟೋವನ್ನು ಹೆಂಡತಿಗೆ ಕಳಿಸಿದರು. ಚೆನ್ನಾಗಿದೆ ಎಂದು ಉತ್ತರ ಬಂತು. ಪಾಯಸ ಚೆನ್ನಾಗಿತ್ತು, ನಾನು ಎರಡು ಸಲ ಹಾಕಿಸಿಕೊಂಡೆ.

೭. ಗೃಹಪ್ರವೇಶ

ಬೆಳಿಗ್ಗೆ ಮುಹೂರ್ತ. ನೂರು ಜನ ಸೇರಿದ್ದರು. ಸ್ವೀಟ್ ಬಾಕ್ಸಿನ ಯಜಮಾನರೂ ಬಂದಿದ್ದರು. ಮೊದಲು ಹಸು ಒಳಗೆ ಹೋಗಬೇಕು, ಹಿಂದೆ ಗೃಹಿಣಿ, ಆಮೇಲೆ ಹಾಲು ಉಕ್ಕಿಸಬೇಕು. ಆಕೆ ಹೊಸ ಸೀರೆಯುಟ್ಟು, ಬಾಳೆಹಣ್ಣು ಬೆಲ್ಲದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಜೀಪಿನಿಂದ ಕುರ್ಚಿಗೆ ಕೈಬಲದ ಮೇಲೆ ತಾವೇ ಇಳಿದರು. ಯಾರೂ ಕುರ್ಚಿ ಮುಟ್ಟಬಾರದು ಎಂದು ಮೊದಲೇ ಹೇಳಿದ್ದರು. ಬಿದ್ದ ಮೇಲೆ ಮೊದಲ ಸಲ ಒಂದು ಮನೆಯೊಳಗೆ ತಾವಾಗಿ ಹೋಗುವುದು. ರೈಟರು ಕೈ ಕಟ್ಟಿಕೊಂಡು ನಿಂತಿದ್ದರು.

ಹಸು ಬಾಗಿಲ ಹತ್ತಿರ ಬಂದು ನಿಂತಿತು. ಎಳೆದರೂ ಬರಲಿಲ್ಲ, ತಳ್ಳಿದರೂ ಹೋಗಲಿಲ್ಲ. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಆಕೆಗೆ, "ನೀವೇ ಮುಂದೆ ಹೋಗಿಯಮ್ಮ, ಅದು ಹಿಂದೆ ಬರ್ತದೆ," ಅಂದರು.

ಆಕೆ ಎರಡೂ ಗಾಲಿ ಹಿಡಿದು ಜಗಲಿ ಹತ್ತಿದರು. ಮುಂಬಾಗಿಲಿಗೆ ಬಂದರು. ಮುಂದಿನ ಪುಟ್ಟ ಗಾಲಿಗಳು ಟಕ್ ಎಂದು ತಾಗಿ ನಿಂತವು.

ಹೊಸಿಲು. ನಾಲ್ಕು ಇಂಚು ಎತ್ತರ, ಗಟ್ಟಿ ಹಲಸು.

ನಾನು ಪ್ಲಾನು ಬಿಡಿಸಿ ನೋಡಬೇಕಾಗಿರಲಿಲ್ಲ. ಮನೆಯ ಎಲ್ಲ ಮೆಟ್ಟಿಲನ್ನೂ ಅಳಿಸಿದ ಕೈ, ಇಪ್ಪತ್ತೆಂಟು ವರ್ಷದ ಅಭ್ಯಾಸದಿಂದ, ಮುಂಬಾಗಿಲಿಗೆ ಹೊಸಿಲಿನ ಎರಡು ಗೆರೆ ಎಳೆದಿತ್ತು. ಮೇಸ್ತ್ರಿ ಗೆರೆ ನೋಡಿ ಇಟ್ಟರು. ರೈಟರು ನಮಸ್ಕಾರ ಮಾಡಿದರು. ಆಕೆ ಫೋಟೋ ನೋಡಿದರು. ಹೊಸಿಲೂ ಒಂದು ಮೆಟ್ಟಿಲೇ ಎಂದು ನಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲ. ನೆಲ ಬಾಯಿಬಿಟ್ಟರೆ ಸಾಕು ಎನಿಸಿತು ನನಗೆ.

ನಾಲ್ಕು ಜನ ಕುರ್ಚಿ ಎತ್ತಲು ಮುಂದೆ ಬಂದರು. ಆಕೆ ಕೈ ಅಡ್ಡ ಹಿಡಿದರು. ಮೇಸ್ತ್ರಿ ಗರಗಸ ತರುತ್ತೇನೆಂದು ಹೊರಟರು. ಪೂಜೆಯಾದ ಹೊಸಿಲಿಗೆ ಗರಗಸ ಹಾಕುವಂತಿಲ್ಲ ಎಂದು ಪುರೋಹಿತರು ತಡೆದರು. ರೈಟರು ಅಲ್ಲೇ ಜಗಲಿಯ ಅಂಚಿನಲ್ಲಿ ಕುಸಿದು ಕೂತರು.

ಆಕೆ ನನ್ನನ್ನು ಕೇಳಿದರು, "ಹಿಂದಿನ ಗಾಜಿನ ಬಾಗಿಲಿಗೆ ಹೊಸಿಲು ಬರ್ದಿದ್ದೀರಾ?"

"ಇಲ್ಲ ಅಕ್ಕ."

ಕುರ್ಚಿ ತಿರುಗಿಸಿದರು. ಮನೆಯ ಮೂಲೆ ಸುತ್ತಿ ಕಣ್ಮರೆಯಾದರು. ಬೆಲ್ಲದ ತಟ್ಟೆಯ ಮೇಲೇ ಕಣ್ಣಿಟ್ಟಿದ್ದ ಹಸು, ಹಿಡಿದವನ ಕೈಯಿಂದ ಹಗ್ಗ ಬಿಡಿಸಿಕೊಂಡು ಅವರ ಹಿಂದೆಯೇ ಹೊರಟಿತು. ನಾವೆಲ್ಲ ಏನು ಮಾಡಬೇಕೆಂದು ತೋಚದೆ ಮುಂಬಾಗಿಲು ನೋಡುತ್ತ ನಿಂತೆವು. ಒಳಗೆ ಗಾಜು ಜಾರಿದ ಸದ್ದು. ಗಾಲಿಯ ಸದ್ದು. ಗೊರಸಿನ ಸದ್ದು. ಒಂದು ಸ್ಟೂಲು ಬಿದ್ದ ಸದ್ದು.

ಆಮೇಲೆ ಹೊಸಿಲಿನ ಆ ಬದಿಗೆ ಆಕೆ ಕಾಣಿಸಿಕೊಂಡರು. ಅವರ ಹೆಗಲ ಮೇಲಿಂದ ಹಸು ಬಾಳೆಹಣ್ಣು ಜಗಿಯುತ್ತ ನಮ್ಮನ್ನು ನೋಡುತ್ತಿತ್ತು. ಇಬ್ಬರೂ ಒಳಗೆ, ಪುರೋಹಿತರೂ ಸೇರಿ ನಾವು ನೂರು ಜನ ಹೊರಗೆ.

"ಬನ್ನಿ," ಅಂದರು ಆಕೆ. "ಎಂತಕ್ಕೆ ಹೊರಗೆ ನಿಂತಿದ್ದೀರಿ?"

ಪುರೋಹಿತರು ಗಡಿಯಾರ ನೋಡಿ, ಗೋವೂ ಗೃಹಿಣಿಯೂ ಒಳಗಿದ್ದ ಮೇಲೆ ಪ್ರವೇಶ ಆದಂತೆಯೇ ಎಂದು ತೀರ್ಪು ಕೊಟ್ಟರು. ರೈಟರು ಕಣ್ಣೊರೆಸಿಕೊಂಡು, ಸ್ವಂತ ಮನೆಗೆ ನೆಂಟರ ಹಾಗೆ ಬಲಗಾಲಿಟ್ಟು ಒಳಗೆ ಹೋದರು.

ಹಾಲು ಉಕ್ಕಿತು. ಸ್ವಲ್ಪ ಹೊತ್ತಿನ ಮೇಲೆ, ನಾವೆಲ್ಲ ಹಿತ್ತಲಂಗಳದಲ್ಲಿದ್ದಾಗ, ಆಕೆ ತೊಡೆಯ ಮೇಲೆ ಟ್ರೇ ಇಟ್ಟುಕೊಂಡು, ಅದರಲ್ಲಿ ತಾವೇ ಮಾಡಿದ ಕಾಫಿ ಇಟ್ಟುಕೊಂಡು, ಗಾಜಿನ ಬಾಗಿಲು ದಾಟಿ ಬಂದರು. ಪುಸ್ತಕದ ಚಿತ್ರದಲ್ಲಿ ಇದ್ದ ಹಾಗೇ. ಕಾರೊಂದು ಮಾತ್ರ ಇರಲಿಲ್ಲ.

ನಾನು ಹತ್ತಿರ ಹೋಗಿ, ತಪ್ಪು ನನ್ನದೇ, ಕ್ಷಮಿಸಬೇಕು, ಒಳ್ಳೇ ದಿನ ನೋಡಿ ಆ ಬಾಗಿಲು ಕೀಳಿಸಿ ಸರಿ ಮಾಡಿಸುತ್ತೇನೆ ಎಂದೆ.

ಆಕೆ ಒಂದು ಲೋಟ ನನ್ನ ಕೈಗೆ ಕೊಟ್ಟರು.

"ಕೀಳೋದೆಲ್ಲ ಬೇಡ, ಅದು ಬಂದು ಹೋಗೋರಿಗೆ ಇರ್ಲಿ. ಈ ಮನೆಗೆ ಮುಂಬಾಗಿಲು ಯಾವುದು ಅಂತ ಹಸುವಿಗೆ ಗೊತ್ತಾಯ್ತು. ನಿಮಗೆ ಗೊತ್ತಾಗ್ಲಿಲ್ಲ, ಅಷ್ಟೆ."